ಹತ್ತರಲ್ಲಿ ಒಂಬತ್ತು ಗೆದ್ದ ವಕೀಲೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅಪ್ಪ-ಅಮ್ಮಂದಿರು ಬರೆದವು. ಮಕ್ಕಳ ಅಕ್ಷರ ಕಂಡರೆ ಆ ಲಕೋಟೆಯನ್ನೇ ನಾನು ಮೊದಲು ಒಡೆಯುವುದು. ಈ ಸಲ ಏಳನೇ ತರಗತಿಯ ಹುಡುಗಿಯೊಬ್ಬಳು ಸುತ್ತುಬಳಸಿಲ್ಲದೆ ಕೇಳಿದ್ದಾಳೆ: ‘ವಕೀಲರು ಯಾವಾಗಲೂ ಒಂದೇ ಕಡೆಯವರ ಪರವಾಗಿ ಮಾತಾಡುತ್ತಾರೆ. ಅಂಥವರನ್ನೇ ಜಡ್ಜ್ ಮಾಡಿದರೆ ಎರಡೂ ಕಡೆಯವರನ್ನು ಒಂದೇ ರೀತಿ ನೋಡುತ್ತಾರಾ?’

ಇದನ್ನು ಚಿಕ್ಕ ಹುಡುಗಿಯ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಬಹಳ ದೊಡ್ಡ ವಕೀಲರು ಇದೇ ಪ್ರಶ್ನೆಯನ್ನು ಒಬ್ಬ ನ್ಯಾಯಾಧೀಶೆಗೆ ಅವರ ಕೋರ್ಟಿನಲ್ಲೇ ಕೇಳಿದ್ದರು. ಆಕೆ ಕೊಟ್ಟ ಉತ್ತರ ನನಗೆ ತುಂಬ ಇಷ್ಟ. ಆದರೆ ಉತ್ತರ ಕೊಟ್ಟವರು ಯಾರು, ಎಲ್ಲಿಂದ ಬಂದವರು ಎಂದು ತಿಳಿಯದಿದ್ದರೆ ಅದರ ತೂಕ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಅವರ ಕಥೆ ಹೇಳುತ್ತೇನೆ.

ಹೆಸರು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ. ಹುಟ್ಟಿದ್ದು 1921ರ ಸೆಪ್ಟೆಂಬರ್ 14ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ. ಅಪ್ಪ-ಅಮ್ಮ ವೆಸ್ಟ್ ಇಂಡೀಸಿನ ನೆವಿಸ್ ಎಂಬ ಪುಟ್ಟ ದ್ವೀಪದಿಂದ ವಲಸೆ ಬಂದವರು. ಹನ್ನೆರಡು ಮಕ್ಕಳಲ್ಲಿ ಇವಳು ಒಂಬತ್ತನೆಯವಳು. ಊರಿನಲ್ಲೇ ಹೆಸರಾಂತ ಯೇಲ್ ವಿಶ್ವವಿದ್ಯಾಲಯವಿತ್ತು. ಅಪ್ಪ ಅಲ್ಲಿನ ವಿದ್ಯಾರ್ಥಿ ಸಂಘಗಳಲ್ಲಿ ಅಡುಗೆಯವರು. ಅಂದರೆ ಆ ವಿದ್ಯಾಮಂದಿರಕ್ಕೂ ಅವರ ಮನೆಗೂ ಇದ್ದ ನಂಟು ಅಡುಗೆಮನೆಯ ಬಾಗಿಲಿನದು.

ಹದಿನೈದನೇ ವಯಸ್ಸಿನಲ್ಲಿ ಅವಳನ್ನು ಸಾರ್ವಜನಿಕ ಕಡಲತೀರವೊಂದರಿಂದ ವಾಪಸ್ ಕಳಿಸಿದರು. ಸ್ಕೇಟಿಂಗ್ ಆಡುವ ಜಾಗದಲ್ಲೂ ಹಾಗೆಯೇ ಆಯಿತು. ಕಾರಣ ಒಂದೇ, ಚರ್ಮದ ಬಣ್ಣ ಕಪ್ಪು. ಅವಳು ವಕೀಲೆಯಾಗಬೇಕೆಂದು ಆಸೆಪಟ್ಟದ್ದು ಶಾಲೆಯಲ್ಲಿದ್ದಾಗಲೇ. ಆದರೆ 1939ರಲ್ಲಿ ಹೈಸ್ಕೂಲು ಮುಗಿದಾಗ ಕಾಲೇಜಿಗೆ ಕಟ್ಟಲು ಮನೆಯಲ್ಲಿ ದುಡ್ಡಿರಲಿಲ್ಲ. ಯುವಕರಿಗಾಗಿ ಸರ್ಕಾರ ನಡೆಸುತ್ತಿದ್ದ ಯೋಜನೆಯೊಂದರಲ್ಲಿ ಅಲ್ಪ ಸಂಬಳದ ಕೆಲಸಕ್ಕೆ ಸೇರಿದಳು.

ಆಗ ನಡೆದದ್ದು ಒಂದು ಸಭೆ. ಕಪ್ಪು ಜನರು ವಾಸಿಸುವ ಬಡಾವಣೆಯಲ್ಲಿ ಅವರಿಗೆಂದೇ ಒಂದು ಸಮುದಾಯ ಭವನ ಕಟ್ಟಿಸಿದ್ದರು. ಆದರೆ ಅಲ್ಲಿಗೆ ಜನ ಹೆಚ್ಚಾಗಿ ಬರುತ್ತಿರಲಿಲ್ಲ. ಏಕೆ ಎಂದು ಚರ್ಚಿಸಲು ಸೇರಿದ್ದ ಸಭೆಯಲ್ಲಿ ಈ ಹುಡುಗಿ ಎದ್ದು ನಿಂತು ಹೇಳಿದಳು: ಭವನದ ಆಡಳಿತ ಮಂಡಳಿಯಲ್ಲಿ ನಮ್ಮವರಿಗೆ ಮಾತಿಲ್ಲ, ನಿರ್ಧಾರವೆಲ್ಲ ಬಿಳಿಯರದು, ಮತ್ತೆ ನಮಗೆ ಅದು ನಮ್ಮದು ಅನ್ನಿಸುವುದು ಹೇಗೆ? ಆ ಭವನಕ್ಕೆ ಹಣ ಕೊಟ್ಟಿದ್ದ ಬಿಳಿಯ ಕಟ್ಟಡ ಗುತ್ತಿಗೆದಾರ ಕ್ಲಾರೆನ್ಸ್ ಬ್ಲೇಕ್ಸ್‌ಲಿ ಅಲ್ಲೇ ಕುಳಿತಿದ್ದರು. ಕೊಟ್ಟ ದಾನಕ್ಕೆ ಮುಖದ ಮೇಲೆ ಹೀಗೆ ಹೇಳಿಸಿಕೊಂಡರೆ ಯಾರಿಗಾದರೂ ಸಿಟ್ಟು ಬರಬಹುದಿತ್ತು. ಅವರು ಆ ಹುಡುಗಿಯನ್ನು ಕರೆಸಿ, ಯಾಕಮ್ಮ ಕಾಲೇಜಿಗೆ ಹೋಗುತ್ತಿಲ್ಲ ಎಂದು ವಿಚಾರಿಸಿದರು. ದುಡ್ಡಿಲ್ಲ ಎಂದು ತಿಳಿದಾಗ ಪೂರ್ತಿ ಓದಿನ ಖರ್ಚನ್ನು ವಹಿಸಿಕೊಂಡರು. ಹೆಣ್ಣುಮಕ್ಕಳು ವಕೀಲಿಕೆ ಮಾಡುವುದೇ ಅಪರೂಪವಾಗಿದ್ದ ಕಾಲ ಅದು.

ಕಾಲೇಜಿಗೆಂದು ದಕ್ಷಿಣದ ಟೆನೆಸಿ ರಾಜ್ಯಕ್ಕೆ ರೈಲಿನಲ್ಲಿ ಹೋಗುವಾಗ ಅರ್ಧ ದಾರಿಯಲ್ಲಿ ಇಳಿದು ಕಪ್ಪು ಜನರ ಬೋಗಿಗೆ ಹೋಗಬೇಕಾಯಿತು. ಉತ್ತರದಲ್ಲಿ ಬೆಳೆದ ಹುಡುಗಿಗೆ ಅದು ಹೊಸದು. ಅಲ್ಲಿಂದ ಮುಂದೆ ನ್ಯೂಯಾರ್ಕಿಗೆ ಬಂದು ಪದವಿ ಮುಗಿಸಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1946ರಲ್ಲಿ ಪದವಿ ಪಡೆದರು. ಅದೇ ವರ್ಷ ಜೋಯಲ್ ಮಾಟ್ಲಿ ಎಂಬುವರೊಂದಿಗೆ ಮದುವೆಯಾಯಿತು. ಇನ್ನು ಮೇಲೆ ನಾನೂ ಅವರನ್ನು ಬಹುವಚನದಲ್ಲಿ ಮಾಟ್ಲಿಯವರು ಎಂದೇ ಕರೆಯುತ್ತೇನೆ. ಈ ಬಹುವಚನ ಅವರಿಗೆ ಪುಕ್ಕಟೆ ಸಿಕ್ಕಿದ್ದಲ್ಲ, ಮುಂದೆ ನೋಡುವಿರಂತೆ.

ಓದುತ್ತಿರುವಾಗಲೇ, 1945ರಲ್ಲಿ, ಅವರು ಥರ್ಗುಡ್ ಮಾರ್ಷಲ್ ಎಂಬ ವಕೀಲರ ಕಚೇರಿಗೆ ಸೇರಿದ್ದರು. ಕಪ್ಪು ಜನರ ಹಕ್ಕುಗಳಿಗಾಗಿ ದೇಶದ ಉದ್ದಗಲಕ್ಕೂ ಮೊಕದ್ದಮೆ ಹೂಡುತ್ತಿದ್ದ ಸಂಸ್ಥೆ ಅದು. ಆಗ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಬೇರೆ ಶಾಲೆ ಎಂಬುದು ಬರೀ ರೂಢಿಯಲ್ಲ, ಕಾನೂನೇ ಆಗಿತ್ತು. ಅದನ್ನು ಮುರಿಯಲು ಮಾರ್ಷಲ್ ತಂಡ ಹೂಡಿದ ದಾವೆಗೆ ಬ್ರೌನ್ ಪ್ರಕರಣ ಎಂದು ಹೆಸರು. ಅದರ ಮೂಲ ಅರ್ಜಿಯನ್ನು ಬರೆದುಕೊಟ್ಟವರು ಮಾಟ್ಲಿ. 1954ರ ಮೇ 17ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಮಕ್ಕಳನ್ನು ಬಣ್ಣ ನೋಡಿ ಬೇರೆ ಮಾಡುವ ಶಾಲೆ ಸಂವಿಧಾನಕ್ಕೆ ವಿರುದ್ಧ.

ತೀರ್ಪು ಬಂತು, ಕಥೆ ಮುಗಿಯಿತು ಅಂದುಕೊಂಡಿರಾ? ಅಲ್ಲೇ ಶುರುವಾದದ್ದು. ತೀರ್ಪು ಕಾಗದದ ಮೇಲಿತ್ತು; ಶಾಲೆಗಳ ಬಾಗಿಲು ಮುಚ್ಚಿಯೇ ಇತ್ತು. ಮುಂದಿನ ಹತ್ತು ವರ್ಷ ಮಾಟ್ಲಿಯವರ ಕೆಲಸ ಒಂದೊಂದೇ ಬಾಗಿಲನ್ನು ತೆಗೆಸುವುದು.

ಜಾರ್ಜಿಯಾ ವಿಶ್ವವಿದ್ಯಾಲಯದ್ದನ್ನೇ ನೋಡಿ. ಶಾರ್ಲೇನ್ ಹಂಟರ್, ಹ್ಯಾಮಿಲ್ಟನ್ ಹೋಮ್ಸ್ ಎಂಬ ಇಬ್ಬರು ಜಾಣ ಮಕ್ಕಳು 1959ರಿಂದ ಅರ್ಜಿ ಹಾಕುತ್ತಲೇ ಇದ್ದರು. ‘ನೀವು ಕಪ್ಪು, ಅದಕ್ಕೇ ಬೇಡ’ ಎಂದು ಯಾರೂ ಹೇಳಲಿಲ್ಲ. ಹಾಸ್ಟೆಲ್ ಭರ್ತಿಯಾಗಿದೆ, ಮುಂದಿನ ಸಲ ನೋಡೋಣ ಎಂದರು. ಮುಂದಿನ ಸಲವೂ ಹಾಸ್ಟೆಲ್ ಭರ್ತಿಯಾಗಿತ್ತು. ಇಂಥ ಸುಳ್ಳನ್ನು ಕೋರ್ಟಿನಲ್ಲಿ ಬಯಲು ಮಾಡುವುದು ಹೇಗೆ? ಗಟ್ಟಿಯಾಗಿ ಭಾಷಣ ಮಾಡಿದರೆ ಆಗುವುದಿಲ್ಲ. ಮಾಟ್ಲಿ ಮತ್ತು ಅವರ ಜೊತೆಯವರು ಪ್ರವೇಶ ವಿಭಾಗದ ಕಡತಗಳನ್ನು ಕೋರ್ಟಿನ ಅನುಮತಿ ಪಡೆದು ಹಾಳೆ ಹಾಳೆಯಾಗಿ ತಿರುವಿದರು. ಜಾಗವಿಲ್ಲ ಎಂದ ದಿನಗಳಲ್ಲೇ ಬಿಳಿಯ ವಿದ್ಯಾರ್ಥಿಗಳಿಗೆ ಜಾಗ ಸಿಕ್ಕಿದ್ದು ಅಲ್ಲಿ ಕಾಣಿಸಿತು. ಕೋರ್ಟಿನ ಕಥೆ ಎಂದರೆ ನಮಗೆ ಸಿನಿಮಾದ ಪಾಟೀಸವಾಲು ನೆನಪಾಗುತ್ತದೆ. ನನಗಂತೂ ಇಡೀ ಕಥೆಯಲ್ಲಿ ಹಿಡಿಸುವುದು ಈ ಕಡತ ತಿರುವುವ ಕೆಲಸವೇ. 1961ರ ಜನವರಿಯಲ್ಲಿ ಇಬ್ಬರೂ ಒಳಗೆ ಕಾಲಿಟ್ಟರು. ಎರಡೇ ದಿನದಲ್ಲಿ ಹಾಸ್ಟೆಲ್ ಮುಂದೆ ಗಲಾಟೆಯಾಯಿತು, ‘ಸುರಕ್ಷತೆಗಾಗಿ’ ಎಂದು ಇಬ್ಬರನ್ನೂ ಹೊರಗೆ ಕಳಿಸಿದರು. ಮತ್ತೆ ಕೋರ್ಟು, ಮತ್ತೆ ಆದೇಶ, ಮತ್ತೆ ಒಳಗೆ. ಮುಂದೆ ಹಂಟರ್ ಹೆಸರಾಂತ ಪತ್ರಕರ್ತೆಯಾದರು, ಹೋಮ್ಸ್ ಮೂಳೆ ವೈದ್ಯರಾದರು.

ಮಿಸಿಸಿಪಿ ರಾಜ್ಯದ್ದು ಇನ್ನೂ ಕಠಿಣ. ಜೇಮ್ಸ್ ಮೆರೆಡಿತ್ ಎಂಬುವರು ವಾಯುಪಡೆಯಲ್ಲಿ ಒಂಬತ್ತು ವರ್ಷ ದುಡಿದು ಬಂದವರು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಲು ಒಂದು ನಿಯಮವಿತ್ತು: ಅಲ್ಲೇ ಓದಿದ ಐವರು ಹಳೆಯ ವಿದ್ಯಾರ್ಥಿಗಳಿಂದ ಶಿಫಾರಸು ಪತ್ರ ತರಬೇಕು. ನಿಯಮದಲ್ಲಿ ಬಣ್ಣದ ಮಾತೇ ಇಲ್ಲ, ನೋಡಿ. ಆದರೆ ಹಳೆಯ ವಿದ್ಯಾರ್ಥಿಗಳೆಲ್ಲ ಬಿಳಿಯರೇ. ಅವರಲ್ಲಿ ಐವರು ಒಬ್ಬ ಕಪ್ಪು ಯುವಕನಿಗೆ ಪತ್ರ ಬರೆದುಕೊಡುವ ಮಾತೆಲ್ಲಿ? ಬೀಗ ಹಾಕಿ, ಬೀಗದ ಕೈಯನ್ನೂ ತಾವೇ ಇಟ್ಟುಕೊಂಡ ಹಾಗೆ.

ಈ ಒಂದು ಮೊಕದ್ದಮೆಗಾಗಿ ಮಾಟ್ಲಿ ನ್ಯೂಯಾರ್ಕಿನಿಂದ ಮಿಸಿಸಿಪಿಗೆ 22 ಸಲ ಓಡಾಡಿದರು. ಮನೆಯಲ್ಲಿ ಶಾಲೆಗೆ ಹೋಗುವ ಮಗನಿದ್ದ. ದಕ್ಷಿಣದಲ್ಲಿ ಹೋಟೆಲುಗಳು ಕಪ್ಪು ಜನರಿಗೆ ಕೋಣೆ ಕೊಡುತ್ತಿರಲಿಲ್ಲ. ಉಳಿದುಕೊಳ್ಳಲು ಅಲ್ಲಿನ ಕಪ್ಪು ಕುಟುಂಬಗಳ ಮನೆಯೇ ಗತಿ. ಕೆಲವು ಊರುಗಳಲ್ಲಿ ರಾತ್ರಿ ಆ ಮನೆಗಳಿಗೆ ಬಂದೂಕು ಹಿಡಿದ ಕಾವಲು ಬೇಕಾಗುತ್ತಿತ್ತು. ಅದು ಅತಿ ಎಚ್ಚರಿಕೆಯೇನಲ್ಲ. ಈ ಹೋರಾಟದಲ್ಲಿ ಜೊತೆಗಿದ್ದ ಮೆಡ್ಗರ್ ಎವರ್ಸ್ ಎಂಬ ಸ್ಥಳೀಯ ನಾಯಕನನ್ನು 1963ರ ಜೂನ್‌ನಲ್ಲಿ ಅವರ ಮನೆಯ ಅಂಗಳದಲ್ಲೇ ಗುಂಡಿಟ್ಟು ಕೊಂದರು.

ಈಗ ಬಹುವಚನದ ಮಾತು. ದಕ್ಷಿಣದಲ್ಲಿ ಬಿಳಿಯರು ಕಪ್ಪು ಜನರನ್ನು, ಅವರಿಗೆ ಎಷ್ಟೇ ವಯಸ್ಸಾಗಿರಲಿ, ಎಷ್ಟೇ ಓದಿರಲಿ, ಮಿಸ್ಟರ್ ಅಥವಾ ಮಿಸೆಸ್ ಎಂದು ಕರೆಯುತ್ತಿರಲಿಲ್ಲ. ನಮ್ಮಲ್ಲಿ ದೊಡ್ಡವರನ್ನು ‘ಏನೇ, ಬಾರೇ’ ಎಂದ ಹಾಗೆ. ಮಿಸಿಸಿಪಿಯ ಪತ್ರಿಕೆಯೊಂದು ಅವರನ್ನು ‘ಆ ಮಾಟ್ಲಿ ಹೆಂಗಸು’ ಎಂದೇ ಬರೆಯುತ್ತಿತ್ತು. ಕಪ್ಪು ಬಣ್ಣದ ಹೆಂಗಸೊಬ್ಬಳು ವಕೀಲಳಾಗಿ ನಿಂತು ಬಿಳಿಯ ಅಧಿಕಾರಿಗಳನ್ನು ಪ್ರಶ್ನೆ ಕೇಳುವುದನ್ನು ನೋಡಲೆಂದೇ ಜನ ಕೋರ್ಟಿಗೆ ಬರುತ್ತಿದ್ದರು. ಮಾಟ್ಲಿ ದನಿ ಏರಿಸುತ್ತಿರಲಿಲ್ಲ. ಅಚ್ಚುಕಟ್ಟಾದ ಉಡುಪು, ನಿಧಾನದ ಮಾತು, ಒಂದಾದ ಮೇಲೆ ಒಂದು ಪ್ರಶ್ನೆ.

ಕೆಳಗಿನ ನ್ಯಾಯಾಧೀಶರು, ಮೆರೆಡಿತ್‌ಗೆ ಪ್ರವೇಶ ತಪ್ಪಿದ್ದು ಬಣ್ಣದ ಕಾರಣಕ್ಕಲ್ಲ ಎಂದು ತೀರ್ಪು ಕೊಟ್ಟರು! 1962ರ ಜೂನ್‌ನಲ್ಲಿ ಮೇಲ್ಮನವಿಯ ಕೋರ್ಟು ಅದನ್ನು ತಳ್ಳಿಹಾಕಿತು. ಆಗ ರಾಜ್ಯದ ಗವರ್ನರೇ ಬಾಗಿಲಿಗೆ ಅಡ್ಡ ನಿಂತರು. ಸೆಪ್ಟೆಂಬರ್ 30ರ ರಾತ್ರಿ ವಿಶ್ವವಿದ್ಯಾಲಯದ ಆವರಣದಲ್ಲಿ ದೊಡ್ಡ ದೊಂಬಿಯಾಗಿ ಇಬ್ಬರು ಸತ್ತರು, ಸೈನ್ಯ ಬಂತು. ಮಾರನೆಯ ಬೆಳಿಗ್ಗೆ ಮೆರೆಡಿತ್ ಹೆಸರು ನೋಂದಾಯಿಸಿ ತರಗತಿಗೆ ಹೋದರು. 1963ರ ಆಗಸ್ಟಿನಲ್ಲಿ ಪದವಿ ಪಡೆದರು.

ಮಕ್ಕಳೇ, ನಿಮ್ಮ ಓರಗೆಯವರದೂ ಒಂದು ಪ್ರಕರಣವಿದೆ. 1963ರ ಮೇ ತಿಂಗಳಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಶಾಲಾ ಮಕ್ಕಳು ಮಾರ್ಟಿನ್ ಲೂಥರ್ ಕಿಂಗ್ ಅವರ ಚಳವಳಿಯಲ್ಲಿ ಮೆರವಣಿಗೆ ಹೊರಟರು. ಪೊಲೀಸರು ನಾಯಿ ಬಿಟ್ಟರು, ಬೆಂಕಿ ಆರಿಸುವ ಪೈಪಿನಿಂದ ನೀರು ಹೊಡೆದರು. ಅದೂ ಸಾಲದೆ ಶಿಕ್ಷಣ ಮಂಡಳಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿತು. ವರ್ಷವಿಡೀ ಓದಿದ್ದು ನೀರಿನಲ್ಲಿ ಹೋಮ. ಮಾಟ್ಲಿ ಬರ್ಮಿಂಗ್‌ಹ್ಯಾಮಿನ ಕೋರ್ಟಿಗೆ ಹೋದರು, ಅರ್ಜಿ ವಜಾ ಆಯಿತು. ಅದೇ ದಿನ ಪಕ್ಕದ ರಾಜ್ಯದ ಅಟ್ಲಾಂಟಾಕ್ಕೆ ಹೋಗಿ ಮೇಲ್ಮನವಿ ನ್ಯಾಯಾಧೀಶ ಎಲ್ಬರ್ಟ್ ಟಟಲ್ ಎದುರು ನಿಂತರು. ರಾತ್ರಿಯಾಗುವ ಮೊದಲೇ ಆದೇಶ ಕೈಯಲ್ಲಿತ್ತು. ಎಲ್ಲ ಮಕ್ಕಳೂ ಶಾಲೆಗೆ ಹಿಂದಿರುಗಿದರು. ನೂರು ಮೆರವಣಿಗೆಗಳ ಚಿತ್ರ ಇತಿಹಾಸದ ಪುಸ್ತಕದಲ್ಲಿರುತ್ತದೆ, ಈ ಒಂದು ದಿನದ ಓಡಾಟದ ಚಿತ್ರ ಇರುವುದಿಲ್ಲ.

ಸುಪ್ರೀಂ ಕೋರ್ಟಿನಲ್ಲಿ ವಾದ ಮಂಡಿಸಿದ ಮೊದಲ ಕಪ್ಪು ಮಹಿಳೆ ಮಾಟ್ಲಿ. ಅಲ್ಲಿ ಅವರು ವಾದಿಸಿದ್ದು ಒಟ್ಟು ಹತ್ತು ಮೊಕದ್ದಮೆ, ಗೆದ್ದದ್ದು ಒಂಬತ್ತು. ಸೋತ ಹತ್ತನೆಯದು ಸ್ವೇನ್ ಪ್ರಕರಣ. ಅಮೆರಿಕದಲ್ಲಿ ಅಪರಾಧದ ವಿಚಾರಣೆಯನ್ನು ಸಾಮಾನ್ಯ ನಾಗರಿಕರ ಜ್ಯೂರಿ ಕೇಳಿ ತೀರ್ಮಾನಿಸುತ್ತದೆ. ಜ್ಯೂರಿಗೆ ಜನರನ್ನು ಆರಿಸುವಾಗ ಎರಡೂ ಕಡೆಯ ವಕೀಲರು ಕಾರಣ ಕೊಡದೆ ಕೆಲವರನ್ನು ಬೇಡ ಎನ್ನಬಹುದು. ಅಲಬಾಮಾದಲ್ಲಿ ಸರ್ಕಾರಿ ವಕೀಲರು ಈ ಅಧಿಕಾರ ಬಳಸಿ ಕಪ್ಪು ಜನರನ್ನೆಲ್ಲ ಬೇಡ ಎನ್ನುತ್ತಿದ್ದರು. ಮರಣದಂಡನೆಗೆ ಗುರಿಯಾಗಿದ್ದ ಹತ್ತೊಂಬತ್ತರ ಕಪ್ಪು ಯುವಕನ ಪರವಾಗಿ ಮಾಟ್ಲಿ ಇದನ್ನು ಪ್ರಶ್ನಿಸಿದರು. 1965ರ ಮಾರ್ಚ್‌ನಲ್ಲಿ ಆರು ನ್ಯಾಯಮೂರ್ತಿಗಳು ಅವರ ವಿರುದ್ಧ, ಮೂವರು ಪರ. ಈ ಹತ್ತನೆಯದನ್ನು ನೆನಪಿನಲ್ಲಿಡಿ.

ಅಷ್ಟರಲ್ಲಿ ಅವರು ಶಾಸಕಿಯೂ ಆಗಿದ್ದರು. 1964ರ ಫೆಬ್ರುವರಿಯಲ್ಲಿ ನಡೆದ ಉಪಚುನಾವಣೆಯಲ್ಲಿ ಗೆದ್ದು ನ್ಯೂಯಾರ್ಕ್ ರಾಜ್ಯದ ಸೆನೆಟ್ ಪ್ರವೇಶಿಸಿದ ಮೊದಲ ಕಪ್ಪು ಮಹಿಳೆಯಾದರು. ಬಡವರಿಗೆ, ಮಧ್ಯಮ ವರ್ಗದವರಿಗೆ ಮನೆ ಸಿಗಬೇಕು ಎಂಬುದು ಅಲ್ಲಿ ಅವರ ಮುಖ್ಯ ವಿಷಯ. ಸ್ವೇನ್ ಪ್ರಕರಣವನ್ನು ವಾದಿಸಿದ್ದು ಸೆನೆಟ್ ಸದಸ್ಯೆಯಾಗಿದ್ದಾಗಲೇ. ಒಂದು ವರ್ಷ ಕಳೆಯುವಷ್ಟರಲ್ಲಿ ಮ್ಯಾನ್‌ಹಟನ್ ಭಾಗದ ಅಧ್ಯಕ್ಷರ ಹುದ್ದೆಗೆ ಬಂದರು. ನ್ಯೂಯಾರ್ಕ್ ನಗರದ ಐದು ಭಾಗಗಳಲ್ಲಿ ಅದೊಂದು. ಆ ಕುರ್ಚಿಯಲ್ಲಿ ಅದುವರೆಗೆ ಹೆಂಗಸರು ಕುಳಿತಿರಲಿಲ್ಲ. ರಾಜಕೀಯದಲ್ಲಿ ಅವರಿದ್ದದ್ದು ಎರಡು ವರ್ಷ ಚಿಲ್ಲರೆ ಅಷ್ಟೆ. ಅವರ ಮನಸ್ಸು ಹೆಚ್ಚು ಅಲ್ಲಿರಲಿಲ್ಲ ಎಂದೇ ನನ್ನ ಅಂದಾಜು.

1966ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರನ್ನು ನ್ಯೂಯಾರ್ಕಿನ ಕೇಂದ್ರ ನ್ಯಾಯಾಲಯದ ನ್ಯಾಯಾಧೀಶೆಯಾಗಿ ಹೆಸರಿಸಿದರು. ಅಮೆರಿಕದಲ್ಲಿ ಅಧ್ಯಕ್ಷರು ಹೆಸರಿಸಿದರೆ ಸಾಲದು, ದೇಶದ ಸೆನೆಟ್ ಒಪ್ಪಬೇಕು. ಅದಕ್ಕೂ ಮೊದಲು ಸೆನೆಟಿನ ನ್ಯಾಯಾಂಗ ಸಮಿತಿ ಪರಿಶೀಲಿಸಬೇಕು. ಆ ಸಮಿತಿಯ ಅಧ್ಯಕ್ಷರು ಯಾವ ರಾಜ್ಯದವರು ಗೊತ್ತೇ? ಮಿಸಿಸಿಪಿ! ಜೇಮ್ಸ್ ಈಸ್ಟ್‌ಲಂಡ್ ಎಂಬ ಆ ಸೆನೆಟರ್ ಏಳು ತಿಂಗಳು ಕಡತವನ್ನು ಎಳೆದಾಡಿದರು, ಆಕೆ ಕಮ್ಯುನಿಸ್ಟ್ ಎಂದು ಆರೋಪಿಸಿದರು. ಕೊನೆಗೂ ಆಗಸ್ಟ್ 30ರಂದು ಸೆನೆಟ್ ಒಪ್ಪಿತು. ಅಮೆರಿಕದ ಕೇಂದ್ರ ನ್ಯಾಯಾಲಯಗಳಲ್ಲಿ ಪೀಠವೇರಿದ ಮೊದಲ ಕಪ್ಪು ಮಹಿಳೆ ಅವರು. ಅದು ಜೀವನಪೂರ್ತಿ ಹುದ್ದೆ.

ಪೀಠದ ಮೇಲೆ ಹೇಗಿದ್ದರು? ಎರಡು ತೀರ್ಪು ಹೇಳುತ್ತೇನೆ. ಮಾರ್ಟಿನ್ ಸಾಸ್ಟ್ರೆ ಎಂಬ ಕೈದಿಯನ್ನು ಜೈಲಿನಲ್ಲಿ 372 ದಿನ ಒಂಟಿ ಕೋಣೆಯಲ್ಲಿ ಕೂಡಿಹಾಕಿದ್ದರು. ಕೈದಿಗೂ ಹಕ್ಕುಗಳಿವೆ ಎಂದು 1970ರಲ್ಲಿ ಮಾಟ್ಲಿ ತೀರ್ಪು ಕೊಟ್ಟರು. ದಿನಕ್ಕೆ 25 ಡಾಲರ್ ಪರಿಹಾರ, ಅಧಿಕಾರಿಗಳಿಗೆ ದಂಡವಾಗಿ ದಿನಕ್ಕೆ ಇನ್ನೂ 10 ಡಾಲರ್. ಗುಣಿಸಿ ನೋಡಿ, 13,020 ಡಾಲರ್ ಆಗುತ್ತದೆ. ಮೇಲಿನ ಕೋರ್ಟು ಆ ಹತ್ತು ಡಾಲರಿನ ಪಾಲನ್ನು ತೆಗೆದುಹಾಕಿತು, ಅವರ ಇನ್ನೂ ಕೆಲವು ಮಾತುಗಳನ್ನು ಒಪ್ಪಲಿಲ್ಲ. ನ್ಯಾಯಾಧೀಶರಿಗೂ ಮೇಲಿನವರು ಇರುತ್ತಾರೆ.

ಇನ್ನೊಂದು ಬೇಸ್‌ಬಾಲ್ ಆಟದ್ದು. ಪಂದ್ಯ ಮುಗಿದ ಮೇಲೆ ಪತ್ರಕರ್ತರು ಆಟಗಾರರ ಉಡುಪಿನ ಕೋಣೆಗೇ ಹೋಗಿ ಮಾತಾಡಿಸುವುದು ಅಲ್ಲಿನ ವಾಡಿಕೆ. 1977ರಲ್ಲಿ ಮೆಲಿಸ್ಸಾ ಲಡ್ಕಿ ಎಂಬ ವರದಿಗಾರ್ತಿಗೆ ಮಾತ್ರ ಪ್ರವೇಶವಿಲ್ಲ ಎಂದರು, ಆಟಗಾರರು ಬಟ್ಟೆ ಬದಲಿಸುತ್ತಿರುತ್ತಾರಂತೆ. ಮಾಟ್ಲಿ ನೋಡಿದ್ದು ಎರಡು ಸಂಗತಿ. ಆ ಕ್ರೀಡಾಂಗಣ ನಗರದ ಆಸ್ತಿ, ಅಂದಮೇಲೆ ಸಂವಿಧಾನದ ಸಮಾನತೆ ಅಲ್ಲಿಗೂ ಅನ್ವಯ. ಇನ್ನು ಆಟಗಾರರ ಸಂಕೋಚಕ್ಕೆ ಒಂದು ಟವೆಲ್ಲೋ ಪರದೆಯೋ ಸಾಕು. ಅದಕ್ಕಾಗಿ ಒಬ್ಬಾಕೆಯ ಕೆಲಸ ಕಸಿಯಬೇಕಿಲ್ಲ.

ಹಾಗೆಂದು ತಾರತಮ್ಯದ ದೂರು ತಂದವರೆಲ್ಲ ಅವರೆದುರು ಗೆಲ್ಲುತ್ತಿರಲಿಲ್ಲ. ಸಾಕ್ಷ್ಯ ಸಾಲದಿದ್ದರೆ ಸೋಲುತ್ತಿದ್ದರು. ಅವರ ಹಳೆಯ ಹೋರಾಟ ಕಂಡು ಬೇರೆ ನಿರೀಕ್ಷೆ ಇಟ್ಟುಕೊಂಡಿದ್ದವರಿಗೆ ಇದು ರುಚಿಸಲಿಲ್ಲ.

ಈಗ ಆ ಪ್ರಶ್ನೆಗೆ ಬಂದೆ. 1975ರಲ್ಲಿ ನ್ಯೂಯಾರ್ಕಿನ ಸಲಿವನ್ ಅಂಡ್ ಕ್ರಾಮ್‌ವೆಲ್ ಎಂಬ ಭಾರೀ ವಕೀಲ ಸಂಸ್ಥೆಯ ಮೇಲೆ ಒಂದು ದಾವೆ ಮಾಟ್ಲಿಯವರ ಮುಂದಿತ್ತು. ಹೆಣ್ಣು ಎಂಬ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡುತ್ತಾರೆ ಎಂಬುದು ದೂರು. ಸಂಸ್ಥೆ ಒಂದು ಅರ್ಜಿ ಹಾಕಿತು: ತಾವು ಹೆಂಗಸು, ಕಪ್ಪು ಜನಾಂಗದವರು, ವಕೀಲೆಯಾಗಿ ತಾರತಮ್ಯದ ವಿರುದ್ಧವೇ ಹೋರಾಡಿದವರು, ತಮ್ಮಿಂದ ನಿಷ್ಪಕ್ಷಪಾತ ಸಾಧ್ಯವಿಲ್ಲ, ಈ ಮೊಕದ್ದಮೆಯನ್ನು ಬಿಟ್ಟುಕೊಡಿ.

ಮಾಟ್ಲಿ ಬಿಟ್ಟುಕೊಡಲಿಲ್ಲ. ಅವರ ಉತ್ತರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಈ ಕೋರ್ಟಿನ ಪ್ರತಿಯೊಬ್ಬ ನ್ಯಾಯಾಧೀಶರೂ ಯಾವುದೋ ಒಂದು ಬಣ್ಣದವರು, ಗಂಡು ಅಥವಾ ಹೆಣ್ಣು, ಎಲ್ಲರೂ ಹಿಂದೆ ವಕೀಲರಾಗಿ ಯಾರದೋ ಪರ ನಿಂತವರೇ. ಅದೇ ಅನರ್ಹತೆ ಎಂದಾದರೆ ಈ ಮೊಕದ್ದಮೆಯನ್ನು ಕೇಳಲು ಇಲ್ಲಿ ಒಬ್ಬರೂ ಉಳಿಯುವುದಿಲ್ಲ.

ಗಮನಿಸಿ, ಅವರು ತಾನು ಎಲ್ಲಿಂದಲೂ ಬಂದವಳಲ್ಲ ಎಂದು ನಟಿಸಲಿಲ್ಲ. ಕಪ್ಪು ಹೆಂಗಸು ಪೀಠದಲ್ಲಿದ್ದಾಗ ಮಾತ್ರ ಕಾಣಿಸುವ ಅನುಮಾನ ಬಿಳಿಯ ಗಂಡಸು ಕುಳಿತಾಗ ಏಕೆ ಯಾರಿಗೂ ಬರುವುದಿಲ್ಲ ಎಂಬ ಪ್ರಶ್ನೆ ಆ ಉತ್ತರದ ಒಳಗೇ ಇದೆ. ಪತ್ರ ಬರೆದ ಹುಡುಗಿಗೆ ನಾನು ಸೇರಿಸುವುದು ಇಷ್ಟೇ: ನ್ಯಾಯಾಧೀಶರು ನಿಷ್ಪಕ್ಷಪಾತಿಯೋ ಎಂದು ಅವರ ಮುಖ ನೋಡಿ, ಹಳೆಯ ಕೆಲಸ ನೋಡಿ ಹೇಳಲಾಗದು. ಅದಕ್ಕೇ ಅವರು ತೀರ್ಪಿನಲ್ಲಿ ಕಾರಣಗಳನ್ನು ಬರೆಯಬೇಕು, ಅದನ್ನು ಯಾರು ಬೇಕಾದರೂ ಓದುವಂತಿರಬೇಕು, ಮೇಲಿನ ಕೋರ್ಟು ತಿದ್ದುವಂತಿರಬೇಕು.

1982ರಲ್ಲಿ ಮಾಟ್ಲಿ ಆ ನ್ಯಾಯಾಲಯದ ಮುಖ್ಯ ನ್ಯಾಯಾಧೀಶೆಯಾದರು. ನಾಲ್ಕು ವರ್ಷ ಆ ಹೊಣೆ ಹೊತ್ತು, ಬಳಿಕ ಹಿರಿಯ ನ್ಯಾಯಾಧೀಶೆಯಾಗಿ ಮುಂದುವರಿದು, 2005ರ ಸೆಪ್ಟೆಂಬರ್ 28ರಂದು ತೀರಿಕೊಂಡರು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ನೇಮಕವಾದ ಮೊದಲ ಕಪ್ಪು ಮಹಿಳೆ ಕೇಟಾಂಜಿ ಬ್ರೌನ್ ಜಾಕ್ಸನ್ ಹುಟ್ಟಿದ್ದೂ ಸೆಪ್ಟೆಂಬರ್ 14ರಂದೇ, ಸರಿಯಾಗಿ 49 ವರ್ಷಗಳ ನಂತರ. ಹೆಸರು ಘೋಷಣೆಯಾದ ದಿನ ಜಾಕ್ಸನ್ ಮಾಟ್ಲಿಯವರನ್ನು ಹೆಸರು ಹಿಡಿದು ನೆನೆದರು.

ಹತ್ತನೆಯ ಮೊಕದ್ದಮೆ ನೆನಪಿದೆಯಲ್ಲ? 1986ರಲ್ಲಿ ಬ್ಯಾಟ್ಸನ್ ಎಂಬ ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಣ್ಣ ನೋಡಿ ಜನರನ್ನು ಜ್ಯೂರಿಯಿಂದ ಹೊರಗಿಡುವಂತಿಲ್ಲ ಎಂದು ತೀರ್ಪಿತ್ತಿತು. ಸ್ವೇನ್ ಪ್ರಕರಣದಲ್ಲಿ ತಾನು ಹೇಳಿದ್ದನ್ನು ತಾನೇ ಬದಲಿಸಿತು. ಅಂದು ಮಾಟ್ಲಿ ವಾದಿಸುವ ಜಾಗದಲ್ಲಿರಲಿಲ್ಲ, ನ್ಯೂಯಾರ್ಕಿನಲ್ಲಿ ತಮ್ಮ ಪೀಠದಲ್ಲಿದ್ದರು. ಅವರು ಸೋತು ಆಗಲೇ 21 ವರ್ಷವಾಗಿತ್ತು.